ಒಂಬತ್ತು ಹೆಸರಿನ ತಕ್ಕಡಿ ಅಂಗಡಿ

ತಕ್ಕಡಿಯಕ್ಕನಿಗೆ ಕೂತಲ್ಲಿ ಕೂರುವ ಗುಣ ಹುಟ್ಟಿದಾಗಿನಿಂದಲೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಬಂದವಳು ಎಂದು ಹೆತ್ತವಳೇ ಹೇಳುತ್ತಿದ್ದಳು. ಅಂಥವಳನ್ನು ಕೊಟ್ಟಿದ್ದು ತಕ್ಕಡಿ ರಿಪೇರಿ ಮಾಡುವ ಮನೆಗೆ. ಆ ಕೆಲಸದಲ್ಲಿ ಅರ್ಧ ಪಾಲು ಕೈ ಆಡಿಸುವುದು, ಉಳಿದರ್ಧ ಕೈ ಕಟ್ಟಿ ಕಾಯುವುದು. ತಟ್ಟೆಯ ಮೇಲೆ ತೂಕದ ಕಲ್ಲು ಇಡಬೇಕು, ಫ್ಯಾನ್ ಆರಿಸಬೇಕು, ಉಸಿರನ್ನೂ ಪಕ್ಕಕ್ಕೆ ತಿರುಗಿ ಬಿಡಬೇಕು, ಆಮೇಲೆ ಮುಳ್ಳು ನಡುಗಿ ನಡುಗಿ ತಾನಾಗಿ ನಿಲ್ಲುವವರೆಗೆ ನೋಡುತ್ತಾ ಕೂರಬೇಕು.

ನ್ಯಾಯವಾಗಿ ಅಲ್ಲಿ ಕೂರಬೇಕಾದವನು ಅವಳ ಗಂಡ, ಮನೆಯ ಹಿರಿಮಗ. ಅವನು ಬಸ್ಸು ಓಡಿಸುವ ಕೆಲಸ ಹಿಡಿದ. ಯಾರಾದರೂ ಕೇಳಿದರೆ, ನಾನೂ ದಿನವೆಲ್ಲಾ ಕೂತೇ ಇರ್ತೀನಿ, ಏನು ಮಾಡೋದು, ನನ್ನ ಕುರ್ಚಿ ಓಡುತ್ತೆ ಎನ್ನುತ್ತಿದ್ದ. ಹಾಗಾಗಿ ಮಾವ ಸೊಸೆಯನ್ನೇ ಬೆಂಚಿನ ಮುಂದೆ ಕೂರಿಸಿಕೊಂಡು ಕಲಿಸಿದರು. ಮೂರು ವರ್ಷ ಬೈದರು, ನಾಲ್ಕನೇ ವರ್ಷ ಸುಮ್ಮನಾದರು. ಸುಮ್ಮನಾದರು ಎಂದರೆ ಮೆಚ್ಚಿದರು ಎಂದೇ ಅರ್ಥ, ಅವರ ಲೆಕ್ಕದಲ್ಲಿ.

ಅಂಗಡಿ ಉದ್ದಕ್ಕೆ ಹನ್ನೆರಡು ಅಡಿ, ಅಗಲಕ್ಕೆ ಏಳು. ಒಂದೇ ಕಿಟಕಿ. ಬೆಂಚು ಎಂದರೆ ಇಟ್ಟಿಗೆ ಕಾಲಿನ ಮೇಲೆ ಕೂರಿಸಿದ ಕಲ್ಲಿನ ಹಾಸು. ರಸ್ತೆಯಲ್ಲಿ ಲಾರಿ ಹೋದಾಗ ಗೋಡೆ ಅದುರಿದರೂ ಕಲ್ಲು ಅದುರಬಾರದು ಎಂದು ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟಿತ್ತು. ತೂಕದ ಕಲ್ಲುಗಳು ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ. ಅವನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಚಿಕ್ಕವನ್ನು ಚಿಮಟದಲ್ಲಿ, ದೊಡ್ಡವನ್ನು ಬಟ್ಟೆಯಲ್ಲಿ ಎತ್ತಬೇಕು. ಬೆರಳಿನ ಜಿಡ್ಡಿಗೂ ತೂಕ ಉಂಟು. ಮಾವ ಕಲಿಸಿದ್ದು ಬಹಳ ಇತ್ತು, ಆದರೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ಒಂದೇ ಮಾತು. ಒಂದು ಕಿಲೋ ಅಂದರೆ ಅರಮನೆಯಲ್ಲೂ ಒಂದು ಕಿಲೋ, ಗುಡಿಸಲಲ್ಲೂ ಒಂದು ಕಿಲೋ, ಎಲ್ಲಿಟ್ಟರೂ ಅದೇ ಹೇಳಬೇಕು.

ಈ ಮಾತನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದರೆ, ಕೊನೆಗೆ ಅದೇ ಅವಳ ಕಾಲಿಗೆ ತೊಡರಿತು.

ಅಂಗಡಿಗೆ ಬೋರ್ಡು ಬರೆದವನೊಬ್ಬ ಇದ್ದ. ಎಲ್ಲರಿಗೂ ಅವನು ಬೋರ್ಡಿನವ. ಕುಂಚದ ಕಾಲ ಹೋಗಿ ಪ್ಲಾಸ್ಟಿಕ್ ಬೋರ್ಡು ಬಂದಾಗ ಅವನು ಕಂಪ್ಯೂಟರ್ ಕಲಿತು ವೆಬ್‌ಸೈಟ್ ಮಾಡುವುದಕ್ಕೆ ಇಳಿದ. ಮಾವ ಇದ್ದಾಗಲೇ ಅಂಗಡಿಯ ಹೆಸರಲ್ಲಿ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಮಾವ ಆ ವಿಳಾಸವನ್ನು ಚೀಟಿಯಲ್ಲಿ ಅಚ್ಚು ಹಾಕಿಸಿ, ರಿಪೇರಿಯಾದ ಪ್ರತಿ ತಕ್ಕಡಿಯ ಅಡಿಗೂ ಅಂಟಿಸಿ ಕಳಿಸುತ್ತಿದ್ದರು. ಅವರು ಹೋದ ಮೇಲೆ ಬೋರ್ಡಿನವ ತಕ್ಕಡಿಯಕ್ಕನ ಕಿವಿ ಊದಿದ. ಒಂದು ರಸ್ತೆಯಲ್ಲಿ ಒಂದೇ ಬೋರ್ಡು ಇದ್ದರೆ ಆ ರಸ್ತೆಯವರು ಮಾತ್ರ ನೋಡುತ್ತಾರೆ, ಇಂಟರ್ನೆಟ್ಟಿನಲ್ಲಿ ಹೆಸರೇ ಬೋರ್ಡು, ಹತ್ತು ಹೆಸರಲ್ಲಿ ಹತ್ತು ವೆಬ್ ವಿಳಾಸ ಹಾಕಿಸಿ ಎಂದ. ಚಿನ್ನದ ತಕ್ಕಡಿಗೆ ಒಂದು ಹೆಸರು, ಆಸ್ಪತ್ರೆಯ ತಕ್ಕಡಿಗೆ ಒಂದು, ತರಕಾರಿ ಅಂಗಡಿಯದಕ್ಕೆ ಒಂದು, ಪೇಟೆಯ ಹೆಸರಿಗೆ ಒಂದು, ಬಡಾವಣೆಯ ಹೆಸರಿಗೆ ಇನ್ನೊಂದು. ಹೀಗೆ ಬೆಳೆದು ಬೆಳೆದು ಒಂಬತ್ತಾಯಿತು.

ಪ್ರತಿ ಸಲವೂ ಅವನು ಕೇಳುತ್ತಿದ್ದ, ಇದರಲ್ಲಿ ಏನು ಬರೆಯಲಿ ಎಂದು. ಪ್ರತಿ ಸಲವೂ ಅವಳದು ಒಂದೇ ಉತ್ತರ, ಮೊದಲನೆಯದರಲ್ಲಿ ಏನಿದೆಯೋ ಅದೇ. ಸ್ವಲ್ಪ ಆಚೀಚೆ ಮಾಡೋಣ ಎಂದರೆ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಇಲ್ಲೊಂದು ಅಲ್ಲೊಂದು ಹೇಳುವುದಕ್ಕೆ ನಾನೇನು ಸುಳ್ಳು ಸಾಕ್ಷಿಯೇ ಎಂದು ಕೇಳುತ್ತಿದ್ದಳು. ಹೊಸ ಹೆಸರು ಶುರುವಾದ ದಿನ ಎರಡು ಪುಟ ಅಚ್ಚು ತೆಗೆಸಿ, ಮೇಲೊಂದು ಕೆಳಗೊಂದು ಇಟ್ಟು, ಸ್ಕೇಲ್ ಜರುಗಿಸುತ್ತಾ ಸಾಲಿಗೆ ಸಾಲು ಹೋಲಿಸಿ ನೋಡುತ್ತಿದ್ದಳು. ಒಂದು ಪದ ಹೆಚ್ಚಿದ್ದರೆ ತೆಗೆಸುತ್ತಿದ್ದಳು. ಒಂಬತ್ತು ತಟ್ಟೆಯಲ್ಲಿ ಒಂದೇ ಕಲ್ಲಿಟ್ಟು ಒಂಬತ್ತೂ ಒಂದೇ ತೂಕ ತೋರಿಸಿದಷ್ಟು ನೆಮ್ಮದಿ ಅವಳಿಗೆ.

ಎರಡು ವರ್ಷ ಫೋನು ಚೆನ್ನಾಗಿ ಬಡಿದುಕೊಂಡಿತು.

ವರ್ಷಕ್ಕೊಮ್ಮೆ ಮುದ್ರೆಯ ಕಾಲ ಬರುತ್ತದೆ. ಅಳತೆ ಇಲಾಖೆಯ ಅಧಿಕಾರಿ ಬಂದು ಎರಡು ತಿಂಗಳು ಕೂತು ಪ್ರತಿ ಅಂಗಡಿಯ ತಕ್ಕಡಿಯನ್ನೂ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾನೆ. ಅದಕ್ಕೆ ಮೊದಲು ಎಲ್ಲರೂ ರಿಪೇರಿಗೆ ಓಡಬೇಕು. ಅಂಗಡಿಯ ವರ್ಷದ ಉಸಿರು ಆ ಎರಡು ತಿಂಗಳಲ್ಲೇ. ಈ ಸಲ ಇಲಾಖೆಯ ನೋಟೀಸು ಗೋಡೆಗಳಿಗೆ ಬಿದ್ದು ಐದು ದಿನವಾಯಿತು. ಫೋನು ಬಾಯಿ ಬಿಡಲಿಲ್ಲ.

ತಕ್ಕಡಿಯಕ್ಕ ಅದನ್ನು ಎತ್ತಿ ಕಿವಿಗಿಟ್ಟು ನೋಡಿದಳು. ಗಂಡನಿಗೆ ಹೇಳಿ ಡಿಪೋದಿಂದ ಫೋನು ಮಾಡಿಸಿ ನೋಡಿದಳು. ಬಡಿಯಿತು. ಹಾಗಾದರೆ ಫೋನಿನ ತಪ್ಪಲ್ಲ. ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೆಂಚಿಗೆ ತಿರುಗಿದಳು. ಒರೆಸಿದ ಕಲ್ಲನ್ನೇ ಮತ್ತೆ ಒರೆಸಿದಳು.

"ಅತ್ತಿಗೆ, ಇನ್ನೂ ಒರೆಸಿದ್ರೆ ತೂಕ ಕಮ್ಮಿಯಾಗುತ್ತೆ," ಎಂದ ಮೈದುನ.

ಮೈದುನ ಎಂದರೆ ಗಂಡನ ತಮ್ಮ. ಎಲೆಕ್ಟ್ರಾನಿಕ್ ತಕ್ಕಡಿಗಳ ಕೆಲಸವೆಲ್ಲ ಅವನದು. ತಣ್ಣಗಿನ ಮನುಷ್ಯ, ಮೂಗಿನ ಮೇಲೆ ನೊಣ ಕೂತರೂ ಕೆಲಸ ಮುಗಿಸಿಯೇ ಓಡಿಸುವವನು. ರಿಪೇರಿಯ ಪರವಾನಗಿ ಇದ್ದದ್ದೂ ಅವನ ಹೆಸರಲ್ಲೇ. ಬಿಸ್ಕತ್ತು ಕಾರ್ಖಾನೆಯವರು ತೂಕದ ವಿಭಾಗಕ್ಕೆ ಅವನನ್ನು ಕರೆದಿದ್ದರು. ಮುಂದಿನ ತಿಂಗಳ ಕೊನೇ ಶುಕ್ರವಾರದೊಳಗೆ ಫಾರಂ ತುಂಬಿ ಕೊಡಬೇಕು. ಅವನಿಗೆ ಹೋಗುವ ಆಸೆಯಿರಲಿಲ್ಲ, ಆದರೆ ಎರಡು ಮಕ್ಕಳ ತಂದೆ, ಸುಮ್ಮನಿರುವ ಫೋನನ್ನು ನಂಬಿ ಕೂರುವ ಹಾಗೂ ಇರಲಿಲ್ಲ. ಈ ಸಲದ ಮುದ್ರೆ ಕಾಲ ನೋಡಿ ಹೇಳುತ್ತೇನೆ ಎಂದಿದ್ದ. ಅವನು ಹೋದರೆ ಪರವಾನಗಿ ಹೋಯಿತು, ಪರವಾನಗಿ ಹೋದರೆ ಬಾಗಿಲಿಗೆ ಬೀಗ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಆರನೇ ದಿನ ಮೂಲೆಯ ಅಕ್ಕಿ ವ್ಯಾಪಾರಿ ತಕ್ಕಡಿ ಹೊತ್ತುಕೊಂಡು ಬಂದ. ನಿಮ್ಮ ನಂಬರಿಗೆ ಮೊಬೈಲಿನಲ್ಲಿ ಹುಡುಕಿದೆ, ಸಿಗಲಿಲ್ಲ, ಊರಾಚೆಯ ಯಾವುದೋ ಕಂಪನಿ ಬಂತು, ದಾರಿ ಗೊತ್ತಿತ್ತಲ್ಲ, ನಡೆದೇ ಬಂದೆ ಎಂದ. ಅವನಿಗೆ ಅದು ಬರೀ ಮಾತು. ಅವಳಿಗೆ ಹಾಗಲ್ಲ. ಅವನೆದುರೇ ಮೊಬೈಲು ತೆಗೆದು ಹುಡುಕಿದಳು. ಒಂಬತ್ತರಲ್ಲಿ ಒಂದು ಹೆಸರೂ ಇಲ್ಲ. ಮೊದಲ ಪುಟ, ಎರಡನೇದು, ಹತ್ತನೇದು. ಎಲ್ಲೂ ಇಲ್ಲ.

ಬೋರ್ಡಿನವ ಬಂದು ತನ್ನ ಲ್ಯಾಪ್‌ಟಾಪ್ ಬಿಚ್ಚಿದ. ಸರ್ಚ್ ಕಂಪನಿಯಿಂದ ಬಂದ ನೋಟೀಸೊಂದು ಹದಿನೇಳು ದಿನದಿಂದ ಯಾರೂ ಓದದೆ ಬಿದ್ದಿತ್ತು. ಅವನು ಓದಿ ಅರ್ಥ ಹೇಳಿದ. ಒಂದೇ ಪುಟವನ್ನು ಒಂಬತ್ತು ಹೆಸರಲ್ಲಿ ಇಟ್ಟಿದ್ದೀರಿ, ಯಾವ ಬಾಗಿಲಿನಿಂದ ಬಂದರೂ ಜನ ನಿಮ್ಮ ಹತ್ತಿರವೇ ಬೀಳಲಿ ಎಂದು ಬಲೆ ಹಾಕಿದ್ದೀರಿ, ಇದು ಜನಕ್ಕೆ ಮೋಸ, ಆದ್ದರಿಂದ ಒಂಬತ್ತನ್ನೂ ಹುಡುಕಾಟದಿಂದ ತೆಗೆದಿದ್ದೇವೆ.

ತಕ್ಕಡಿಯಕ್ಕ ನಿಂತೇ ಇದ್ದಳು. ನಲವತ್ತೆರಡು ವರ್ಷದ ಅಂಗಡಿ, ಒಬ್ಬ ಅಧಿಕಾರಿಯೂ ಆ ಪದ ಆಡಿರಲಿಲ್ಲ. ಸುಳ್ಳು ಹೇಳಬಾರದೆಂದು ಒಂದೇ ಮಾತು ಒಂಬತ್ತು ಕಡೆ ಹೇಳಿದರೆ ಅದೇ ಮೋಸವಾಯಿತಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ ಎಂದಳು. ಬೋರ್ಡಿನವ ಸಮಾಧಾನ ಮಾಡಿದ. ಇದೆಲ್ಲ ದೊಡ್ಡದಲ್ಲ ಅಕ್ಕಾ, ಹತ್ತನೇ ಹೆಸರು ಹೊಸದಾಗಿ ತೆಗೆದುಬಿಡೋಣ, ಅದರಲ್ಲಿ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ತಕ್ಕಡಿ ರಿಪೇರಿ ತಕ್ಕಡಿ ರಿಪೇರಿ ಎಂದು ಐನೂರು ಸಲ ಬರೆದುಬಿಡೋಣ, ಜನಕ್ಕೆ ಕಾಣುವುದಿಲ್ಲ, ಯಂತ್ರಕ್ಕೆ ಕಾಣುತ್ತೆ.

"ತಟ್ಟೆ ಅಡಿಗೆ ಮೇಣ ಅಂಟಿಸೋದು ಅಂತಾರೆ ಇದನ್ನ," ಎಂದಳು ಅವಳು. "ಲ್ಯಾಪ್‌ಟಾಪ್ ಮುಚ್ಚಪ್ಪ."

ಆ ವಾರ ಅವಳು ಕೂತದ್ದೇ ಇಲ್ಲ. ಚಿನ್ನದಂಗಡಿಗಳ ಬೀದಿಗೆ ನಡೆದು ಹೋಗಿ ಕೇಳಿ ಬಂದಳು. ಮಾರುಕಟ್ಟೆಗೆ ಹೋಗಿ ಬಂದಳು. ಎಲ್ಲರೂ ಅದೇ ಊರಾಚೆಯ ಕಂಪನಿಗೆ ಕೊಟ್ಟಿದ್ದರು. ನೀವು ಅಂಗಡಿ ಮುಚ್ಚಿದಿರಿ ಅಂತ ಅಂದುಕೊಂಡೆವು ಎಂದ ಒಬ್ಬ. ಮುಚ್ಚಿದ ಅಂಗಡಿಯವಳು ಹೀಗೆ ಬಂದು ನಿಮ್ಮ ಮುಂದೆ ನಿಲ್ಲುತ್ತಾಳೆಯೇ ಎಂದು ಕೇಳಿ ಬಂದಳು, ಆದರೆ ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು.

ಭಾನುವಾರ ಬೀಗಿತ್ತಿ ಬಂದಳು. ಮಗಳ ಅತ್ತೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಕಾರ್ಡು ಬರೆದು ನಿವೃತ್ತಿಯಾದವಳು. ಕನ್ನಡಕ ಕತ್ತಿನ ದಾರದಲ್ಲಿ, ನಾಲಿಗೆ ಎಲ್ಲರ ಮೇಲೆ. ನೋಟೀಸನ್ನು ಎರಡು ಸಲ ಓದಿದಳು, ಆಮೇಲೆ ಸರ್ಚ್ ಕಂಪನಿಯ ನಿಯಮಗಳ ಪುಟ ತೆರೆದು ಅದನ್ನೂ ಓದಿದಳು. ತಕ್ಕಡಿಯಕ್ಕ ತನ್ನ ವಾದ ಹೂಡಿದಳು, ಒಂದು ಕಿಲೋ ಎಲ್ಲಿಟ್ಟರೂ ಒಂದು ಕಿಲೋ ಅಲ್ಲವೇ ಎಂದು.

"ಸರಿ ಕಣ್ರೀ, ಎಲ್ಲಿಟ್ಟರೂ ಒಂದೇ ಕಿಲೋ," ಎಂದಳು ಬೀಗಿತ್ತಿ. "ಆದ್ರೆ ಒಂದೇ ಕಲ್ಲನ್ನ ಒಂಬತ್ತು ಸಲ ತೂಗಿ, ನನ್ನ ಹತ್ರ ಒಂಬತ್ತು ಕಿಲೋ ಇದೆ ಅಂದ್ರೆ, ನಿಮ್ಮ ಮಾವ ಏನು ಅಂತಿದ್ರು?"

ತಕ್ಕಡಿಯಕ್ಕ ಕೂತಳು. ಆ ವಾರದಲ್ಲಿ ಮೊದಲ ಸಲ. ಮೈದುನ ತಲೆ ತಗ್ಗಿಸಿಕೊಂಡೇ, ಮೂರು ವರ್ಷ ಬೈತಿದ್ರು, ನಾಲ್ಕನೇ ವರ್ಷಾನೂ ಬೈತಿದ್ರು ಎಂದ.

ಬೀಗಿತ್ತಿ ಬಿಡಿಸಿ ಹೇಳಿದಳು. ಗ್ರಂಥಾಲಯದಲ್ಲಿ ಪುಸ್ತಕ ಒಂದೇ ಇರುತ್ತದೆ, ಜನ ಹುಡುಕುವ ಹೆಸರು ನಾಲ್ಕಿರುತ್ತದೆ. ಮುಖ್ಯ ಕಾರ್ಡು ಒಂದು. ಉಳಿದ ಮೂರರಲ್ಲಿ ಆ ಕಾರ್ಡು ನೋಡಿ ಎಂದಷ್ಟೇ ಬರೆಯುತ್ತೇವೆ. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ನೀವೂ ಒಂದು ಹೆಸರನ್ನು ಮನೆ ಮಾಡಿಕೊಳ್ಳಿ. ಉಳಿದವುಗಳಿಗೆ ಬಂದವರನ್ನು ಕಾಯಂ ಆಗಿ ಆ ಮನೆಗೆ ತಿರುಗಿಸಿ. ಹೆಸರು ಎಷ್ಟಿದ್ದರೂ ತಪ್ಪಿಲ್ಲ, ಮನೆ ಒಂದೇ ಇದ್ದರೆ.

ಯಾವುದು ಮನೆ ಎಂಬುದಕ್ಕೆ ಎರಡು ದಿನ ಎಳೆದಾಟವಾಯಿತು. ಬೋರ್ಡಿನವ ಪೇಟೆಯ ಹೆಸರಿನದೇ ಆಗಲಿ, ನೆನಪಿಡಲು ಸುಲಭ ಎಂದ. ತಕ್ಕಡಿಯಕ್ಕ ಮಾವನ ಹೆಸರೇ ಎಂದಳು. ಅದು ಮಮತೆಗಾಗಿ ಅಲ್ಲ. ಇಲಾಖೆಯ ಪಟ್ಟಿಯಲ್ಲಿ, ವರ್ತಕರ ಸಂಘದ ಪುಟದಲ್ಲಿ ಬರೆದಿದ್ದುದು ಅದೇ ಹೆಸರು, ಸಾವಿರಾರು ತಕ್ಕಡಿಗಳ ಅಡಿಯ ಚೀಟಿಯಲ್ಲೂ ಅದೇ. ಆ ಚೀಟಿಗಳನ್ನು ಮನೆಮನೆಗೆ ಹೋಗಿ ಕೀಳುವವರು ಯಾರು? ಬೋರ್ಡಿನವ ಸೋತ.

ಹಾಗಾದರೆ ಉಳಿದ ಎಂಟನ್ನು ಬಿಟ್ಟೇಬಿಡೋಣ ಎಂದ. ಅದೂ ಬೇಡ ಎಂದಳು. ಎರಡು ವರ್ಷದಲ್ಲಿ ಯಾರೋ ಎಲ್ಲೋ ಬರೆದಿಟ್ಟುಕೊಂಡಿರುತ್ತಾರೆ, ಬಿಟ್ಟ ಹೆಸರನ್ನು ಬೇರೆ ಯಾರೋ ಎತ್ತಿಕೊಂಡರೆ ನಮ್ಮನ್ನು ನಂಬಿ ಬಂದವರು ಯಾವನ ಹತ್ತಿರ ಹೋಗಿ ಬೀಳಬೇಕು? ಒಂದೊಂದನ್ನೂ ತಿರುವಿ ನೋಡುವಾಗ ಅವಳಿಗೆ ಕಂಡದ್ದು ಲಾರಿ ತೂಗುವ ವೇಬ್ರಿಜ್ಜಿನ ಹೆಸರು. ಬೋರ್ಡಿನವ ಒಂಬತ್ತು ತುಂಬಲಿ ಎಂದು ಹಾಕಿಸಿದ್ದು. ಇವರ ಅಂಗಡಿಯಲ್ಲಿ ಲಾರಿಯದಿರಲಿ, ಲಾರಿಯ ಚಕ್ರ ತೂಗುವ ಯಂತ್ರವನ್ನೂ ಯಾರೂ ರಿಪೇರಿ ಮಾಡಿರಲಿಲ್ಲ. ಪುಟದ ಪದಗಳನ್ನು ಸ್ಕೇಲಿಟ್ಟು ನೋಡಿದವಳು ಮೇಲಿದ್ದ ಹೆಸರನ್ನು ನೋಡಿರಲಿಲ್ಲ. ಅಂಗೈಯ ಹುಣ್ಣು ನೋಡಲು ಅವಳಿಗೆ ಕನ್ನಡಿ ಬೇಕಾಯಿತು. ಆಮೇಲೆ, ಇದನ್ನು ಎಲ್ಲಿಗೂ ತಿರುಗಿಸಬೇಡ, ಮುಚ್ಚಿಬಿಡು, ನೋಟೀಸಿನಲ್ಲಿದ್ದ ಪದ ಇದಕ್ಕೆ ಸರಿಯಾಗಿಯೇ ಇದೆ ಎಂದಳು.

ಆ ಒಂದು ಮನೆಯೊಳಗಿನ ಹೊಸ ಪುಟಗಳನ್ನು ಅವಳು ಹೇಳಿದಳು, ಬೀಗಿತ್ತಿ ಬರೆದಳು. ಚಿನ್ನದ ತಕ್ಕಡಿಗೆ ಗಾಜಿನ ಗೂಡು ಯಾಕೆ ಬೇಕು ಎಂದು ಒಂದು ಪುಟ. ತರಕಾರಿಯವರ ತಕ್ಕಡಿಯಲ್ಲಿ ಮಣ್ಣು ಎಲ್ಲಿ ಸೇರಿಕೊಳ್ಳುತ್ತದೆ ಎಂದು ಒಂದು. ಆಸ್ಪತ್ರೆಯ ಕೂಸು ತೂಗುವ ತಕ್ಕಡಿಯ ಪುಟಕ್ಕೆ ಬಂದಾಗ ತಕ್ಕಡಿಯಕ್ಕ ಎದ್ದು ನಿಂತು ಓಡಾಡುತ್ತಾ ಹೇಳಿದಳು. ಕೂಸು ಕೈಕಾಲು ಬಡಿಯುತ್ತದೆ, ಮುಳ್ಳು ನಿಲ್ಲುವುದಿಲ್ಲ, ನಿಲ್ಲಲೆಂದು ಕಾಯುತ್ತಾ ಕೂತರೆ ಕೂಸಿಗೆ ಚಳಿಯಾಗುತ್ತದೆ, ಅದಕ್ಕೇ ಅಂಥ ತಕ್ಕಡಿಯ ಅಲುಗಾಟ ತಗ್ಗಿಸುವ ಭಾಗವನ್ನು ಆರು ತಿಂಗಳಿಗೊಮ್ಮೆ ನೋಡಿಸಬೇಕು. ಬೀಗಿತ್ತಿ ಪೆನ್ನು ಎತ್ತಿ, ಇದು ಕೂಸಿನ ವಿಷಯವೋ ನಿಮ್ಮದೋ ಎಂದು ಕೇಳಿದಳು.

ಬೋರ್ಡಿನವ ಎಲ್ಲ ಹೆಸರನ್ನೂ ಮನೆಯ ಮುಂಬಾಗಿಲಿಗೆ ತಿರುಗಿಸಿ ಕೆಲಸವಾಯಿತು ಎಂದ. ಆಗಲಿಲ್ಲ ಎಂದಳು ಅವಳು. ಕೂಸಿನ ತಕ್ಕಡಿ ಕೇಳಿಕೊಂಡು ಬಂದವಳನ್ನು ಮುಂಬಾಗಿಲಲ್ಲಿ ನಿಲ್ಲಿಸಿದರೆ ಅವಳು ಮತ್ತೆ ಹುಡುಕಬೇಕೇ? ಆಸ್ಪತ್ರೆಯ ಹೆಸರು ಆಸ್ಪತ್ರೆಯ ಪುಟಕ್ಕೆ, ಚಿನ್ನದ್ದು ಚಿನ್ನಕ್ಕೆ. ಹಾಗೆ ಮಾಡಿಸಿ, ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು, ಏಳು ಹೆಸರನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಒಂದು ಹೆಸರು ಇನ್ನೊಂದು ಹೆಸರಿಗೆ ಹೋಗಿ ಅಲ್ಲಿಂದ ಸುತ್ತಿ ಮನೆಗೆ ಬರುತ್ತಿತ್ತು. ಕೀಲು ಹೆಚ್ಚಾದಷ್ಟೂ ತೂಕ ಸೋರುತ್ತದೆ, ನೇರವಾಗಿ ಬರಲಿ ಎಂದಳು. ಕೊನೆಗೆ ಬೀಗಿತ್ತಿ ಹೇಳಿಕೊಟ್ಟಿದ್ದ ಪರೀಕ್ಷೆ. ಕಾಯಂ ತಿರುವಾದರೆ ಮುನ್ನೂರ ಒಂದು ಎಂಬ ಅಂಕಿ ಬರಬೇಕು, ತಾತ್ಕಾಲಿಕವಾದರೆ ಮುನ್ನೂರ ಎರಡು. ಆರು ಹೆಸರಿಗೆ ಸರಿ ಬಂತು. ಏಳನೆಯದಕ್ಕೆ ಮುನ್ನೂರ ಎರಡು.

ಒಂದೇ ತಾನೇ ವ್ಯತ್ಯಾಸ, ನಡೆಯುತ್ತೆ ಅಕ್ಕಾ ಎಂದ ಬೋರ್ಡಿನವ.

"ಯಾರ ಅಂಗಡೀಲಿ ನಿಂತು ಈ ಮಾತು ಆಡ್ತಿದ್ದೀಯ ನೋಡ್ಕೊ," ಎಂದ ಮೈದುನ.

ಏಳನೆಯದೂ ಸರಿಯಾಯಿತು, ಆಮೇಲೆ ಸರ್ಚ್ ಕಂಪನಿಗೆ ಪತ್ರ. ಬೀಗಿತ್ತಿ ನಯವಾಗಿ ಬರೆಯೋಣ ಎಂದಳು. ತಕ್ಕಡಿಯಕ್ಕ ಇದ್ದದ್ದು ಇದ್ದ ಹಾಗೆ ಬರೆಸಿದಳು. ಒಂಬತ್ತು ಹೆಸರಿದ್ದವು, ಒಂದೇ ಪುಟವಿತ್ತು, ಪ್ರಾಮಾಣಿಕತೆ ಎಂದು ತಿಳಿದು ಮಾಡಿದೆವು, ಲಾರಿಯದು ಮಾತ್ರ ಸುಳ್ಳೇ, ಅದನ್ನು ಮುಚ್ಚಿದ್ದೇವೆ, ಉಳಿದವು ಹೀಗೆ ಹೀಗೆ ತಿರುಗುತ್ತವೆ, ನೋಡಿಕೊಳ್ಳಿ.

ಪತ್ರ ಹೋದ ಮೇಲೆ ಕಾಯುವುದೊಂದೇ ಉಳಿದದ್ದು. ಅವಳಿಗೆ ಬಾರದ ಕೆಲಸ. ಒಂದು ವಾರ ಕಳೆಯಿತು. ಎರಡಾಯಿತು. ಬೆಳಗ್ಗೆ ಬಾಗಿಲು ತೆಗೆದವಳು ಮೊದಲು ನೋಡುವುದು ಮೊಬೈಲು. ನೀರು ಕುಡಿಯುತ್ತಾ ನೋಡುವುದು, ತಕ್ಕಡಿ ಬಿಚ್ಚುತ್ತಾ ನೋಡುವುದು. ಗಂಡ ರಾತ್ರಿ ಊಟಕ್ಕೆ ಕೂತಾಗ, ನನ್ನ ಬಸ್ಸಿಗಿಂತ ನೀನೇ ಹೆಚ್ಚು ಟ್ರಿಪ್ಪು ಹೊಡೀತಿದ್ದೀಯ ಅಡುಗೆಮನೆಗೂ ಹೊರಕ್ಕೂ ಎಂದ. ಮೈದುನನ ಚೀಲದಲ್ಲಿ ಫಾರಂ ಇತ್ತು. ಅವನು ಒಂದು ದಿನ ಅದನ್ನು ತೆಗೆದು ಮೇಲಿನ ಎರಡು ಸಾಲು ತುಂಬಿ ಮತ್ತೆ ಒಳಗಿಟ್ಟ. ಅವಳು ನೋಡಿದಳು. ನೋಡಲಿಲ್ಲ ಎಂಬ ಹಾಗೆ ಕಿಟಕಿಯ ಕಡೆ ತಿರುಗಿದಳು.

ಕೊನೇ ಶುಕ್ರವಾರಕ್ಕೆ ಒಂಬತ್ತು ದಿನವಿದ್ದಾಗ ಫೋನು ಬಡಿಯಿತು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸಮ್ಮ. ಹೋದ ವರ್ಷ ವಾರ್ಡಿನ ಪುಸ್ತಕದಲ್ಲಿ ಒಂದು ವಿಳಾಸ ಬರೆದಿಟ್ಟುಕೊಂಡಿದ್ದಳಂತೆ, ಆಸ್ಪತ್ರೆ ತಕ್ಕಡಿಯ ಹೆಸರು. ಒತ್ತಿದ ಕೂಡಲೇ ಕೂಸಿನ ತಕ್ಕಡಿಯ ಪುಟ ತೆರೆದುಕೊಂಡಿತು ಎಂದಳು.

"ಅಲುಗಾಟದ ವಿಷಯ ಬರ್ದಿದ್ದೀರಲ್ಲ, ಅದೇ ನಮ್ಮ ತಾಪತ್ರಯ," ಎಂದಳು ನರ್ಸಮ್ಮ. "ಹನ್ನೊಂದು ತಕ್ಕಡಿ ಇದೆ. ಮುದ್ರೆಗೆ ಮೊದಲು ಆಗುತ್ತಾ?"

ಆಗುತ್ತೆ ಎಂದು ಹೇಳುವಾಗ ಅವಳು ನಿಂತಿದ್ದಳೋ ಕೂತಿದ್ದಳೋ ಅವಳಿಗೇ ನೆನಪಿಲ್ಲ.

ಹನ್ನೊಂದರಲ್ಲಿ ಏಳು ಮುಗಿದಿದ್ದ ದಿನ ಸರ್ಚ್ ಕಂಪನಿಯ ಉತ್ತರ ಬಂತು. ಮೂರೇ ಸಾಲು. ನೋಡಿದ್ದೇವೆ, ಸರಿಯಾಗಿದೆ, ತಡೆ ತೆಗೆದಿದ್ದೇವೆ. ಅಂದು ಏನೂ ಆಗಲಿಲ್ಲ. ಮಾರನೆಯ ದಿನ ಮಾವನ ಹೆಸರು ನಾಲ್ಕನೇ ಪುಟದಲ್ಲಿ ಕಂಡಿತು. ಎರಡು ದಿನ ಬಿಟ್ಟು ಎರಡನೆಯದರಲ್ಲಿ. ಮೊದಲಿನ ಹಾಗೆ ಒಂಬತ್ತು ಕಡೆ ಅಲ್ಲ, ಒಂದೇ ಕಡೆ. ಗುರುವಾರ ಆರು ಫೋನು ಬಂತು. ಹೋದ ವರ್ಷ ಇಂಥ ದಿನ ಇಪ್ಪತ್ತು ಬರುತ್ತಿತ್ತು.

ಶುಕ್ರವಾರ ಬೆಳಗ್ಗೆ ಅವನು ಬರುವುದು ತಡವಾಯಿತು. ಅವಳು ಹದಿನಾಲ್ಕು ಸಲ ಬಾಗಿಲಿಗೆ ಹೋಗಿ ಬಂದಳು. ಹತ್ತೂವರೆಗೆ ಬಂದ. ಚೀಲ ಮೊಳೆಗೆ ಹಾಕಿದ. ಎಂಟನೇ ಕೂಸಿನ ತಕ್ಕಡಿ ಎತ್ತಿ ಬೆಂಚಿನ ಮೇಲಿಟ್ಟ. ಅದರ ಒಂದು ಕಾಲು ತಗ್ಗಿತ್ತು. ಚೀಲದಿಂದ ಫಾರಂ ತೆಗೆದು, ನಾಲ್ಕು ಮಡಿಕೆ ಮಡಚಿ, ಆ ಕಾಲಿನಡಿಗೆ ತುರುಕಿದ.

ತಕ್ಕಡಿಯಕ್ಕ ಚಿಮಟದಿಂದ ಅದನ್ನು ಎಳೆದು ತೆಗೆದಳು.

"ಕಾಗದ ಇಟ್ರೆ ಮಟ್ಟ ನಿಲ್ಲುತ್ತಾ?" ಎಂದಳು. "ತಿರುಪು ಸರಿ ಮಾಡು."

ಅವನು ತಿರುಪು ತಿರುಗಿಸಿದ. ಅವಳು ಫ್ಯಾನ್ ಆರಿಸಿದಳು, ಎರಡು ಕಿಲೋ ಕಲ್ಲನ್ನು ತಟ್ಟೆಯ ಮೇಲಿಟ್ಟಳು, ಉಸಿರು ಪಕ್ಕಕ್ಕೆ ಬಿಟ್ಟಳು. ಮುಳ್ಳು ನಡುಗುತ್ತಿತ್ತು. ಅದು ನಿಲ್ಲುವ ಮೊದಲೇ ಫೋನು ಬಡಿಯಿತು. ಅವಳು ಮುಳ್ಳಿನಿಂದ ಕಣ್ಣು ಕೀಳಲಿಲ್ಲ, ಕಾಲು ಮಾತ್ರ ಆಗಲೇ ಫೋನಿನ ಕಡೆ ಹೊರಟಿತ್ತು.